ಹನುಮಯ್ಯ ಆರಿಸಿದ ಪ್ಲಾಸ್ಮಾ

ತೊಂದರೆ ಶುರುವಾಗಿದ್ದು ಒಂದೇ ಒಂದು ಪದದಿಂದ. ಬುಧವಾರ ಸಂಜೆ ಬೀದಿ ನಲ್ಲಿಯ ಮುಂದೆ ಬಿಂದಿಗೆ ಇಟ್ಟುಕೊಂಡು ನಿಂತಿದ್ದ ಹನುಮಯ್ಯನ ಹೆಂಡತಿ ಸಿದ್ದಮ್ಮ, ಪಕ್ಕದ ಮನೆಯ ಅಮೀರುನ್ನೀಸಾಳಿಗೆ, ನಾಳೆ ನಮ್ಮನೆಗೆ ಪ್ಲಾಸ್ಮಾ ಬರುತ್ತದೆ ಎಂದಳು. ಆ ಪದದ ಹಿಂದೆ 'ಕಟರ್' ಎಂಬ ಇನ್ನೊಂದು ಪದವೂ ಇದೆ ಎನ್ನುವುದು ಅವಳಿಗೆ ಆ ಹೊತ್ತಿನಲ್ಲಿ ನೆನಪಾಗಲಿಲ್ಲ. ಬಿಂದಿಗೆ ತುಂಬುವಷ್ಟರಲ್ಲಿ ಸುದ್ದಿ ಬೀದಿಯ ಆ ತುದಿ ಮುಟ್ಟಿತ್ತು. ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಗೋಡೆಗೆ ನೇತುಹಾಕುವ ಪ್ಲಾಸ್ಮಾ ಟೀವಿಗಳು ಆಗಷ್ಟೇ ಬಂದಿದ್ದ ಕಾಲ. ರಾಮನಗರದಲ್ಲಿ ಅದನ್ನು ಕಣ್ಣಾರೆ ಕಂಡವರು ಇಬ್ಬರೋ ಮೂವರೋ. ಹಾಗಿರುವಾಗ ಡಿಪೋ ಹನುಮಯ್ಯನ ಶೀಟಿನ ಮನೆಗೆ ಅದು ಬರುತ್ತದೆ ಎಂದರೆ ಯಾರಿಗೆ ತಾನೇ ನಿದ್ದೆ ಹತ್ತೀತು.

ಗುರುವಾರ ಬೆಳಿಗ್ಗೆ ಹನುಮಯ್ಯ ಹಲ್ಲುಜ್ಜುತ್ತ ಹಿತ್ತಲಿಗೆ ಬಂದರೆ, ಅವನ ಶೆಡ್ಡಿನ ಮುಂದೆ ಮೂರು ಪ್ಲಾಸ್ಟಿಕ್ ಕುರ್ಚಿ, ಒಂದು ಚಾಪೆ, ಮತ್ತು ಎದುರುಮನೆಯ ಚನ್ನಯ್ಯ ಇದ್ದರು. ಚನ್ನಯ್ಯ ರೇಷ್ಮೆ ಇಲಾಖೆಯಲ್ಲಿ ಅಟೆಂಡರಾಗಿದ್ದು ನಿವೃತ್ತನಾದವನು. ಕೆಲಸದಲ್ಲಿದ್ದಾಗ ಮೂವತ್ತು ವರ್ಷ ಬೇರೆಯವರ ಮಾತು ಕೇಳಿಸಿಕೊಂಡ ಲೆಕ್ಕವನ್ನು ಈಗ ಬೀದಿಯವರ ಮೇಲೆ ತೀರಿಸಿಕೊಳ್ಳುತ್ತಿದ್ದ.

"ಎಷ್ಟು ಇಂಚಿಂದ್ಲಾ?" ಎಂದು ಅವನು ಕೇಳಿದ.

"ಆರು ಎಂಎಂ ಆರಾಮಾಗಿ ಕುಯ್ತದೆ," ಎಂದ ಹನುಮಯ್ಯ ನೊರೆ ಉಗಿಯುತ್ತ.

ಇಬ್ಬರೂ ಬೇರೆ ಬೇರೆ ಪ್ಲಾಸ್ಮಾದ ಮಾತಾಡುತ್ತಿದ್ದಾರೆ ಎಂದು ಗೊತ್ತಾಗುವುದಕ್ಕೆ ಕಾಲು ಗಂಟೆ ಹಿಡಿಯಿತು. ಗೊತ್ತಾದ ಮೇಲೆ ಕುರ್ಚಿಯವರು ಕುರ್ಚಿ ಎತ್ತಿಕೊಂಡು ಹೋಗಲಿಲ್ಲ. ಟೀವಿ ಇಲ್ಲದಿದ್ದರೆ ಏನಂತೆ, ನೋಡುವುದಕ್ಕೆ ಹನುಮಯ್ಯನಾದರೂ ಇದ್ದಾನಲ್ಲ ಎಂಬಂತೆ ಇನ್ನೂ ಒತ್ತಿ ಕೂತರು.

ಹನುಮಯ್ಯ ಮೂವತ್ತೊಂದು ವರ್ಷ ಬಸ್ ಡಿಪೋದ ಬಾಡಿ ಸೆಕ್ಷನ್ನಿನಲ್ಲಿ ಉಳಿ, ಸುತ್ತಿಗೆ ಹಿಡಿದು ತಗಡು ಕತ್ತರಿಸಿದವನು. ಬಸ್ಸುಗಳ ಪಕ್ಕೆ ನೆಟ್ಟಗಾಗುವಷ್ಟರಲ್ಲಿ ಅವನ ಬಲಗಡೆಯ ಭುಜ ಸೊಟ್ಟಗಾಗಿತ್ತು. ಹಿಂದಿನ ವರ್ಷ ಹಾರ ಹಾಕಿ ಮನೆಗೆ ಕಳಿಸಿದ ಮೇಲೆ, ಅವನು ಮುಂದೇನು ಮಾಡಬೇಕು ಎಂಬುದನ್ನು ಅವನೊಬ್ಬನನ್ನು ಬಿಟ್ಟು ಮಿಕ್ಕವರೆಲ್ಲ ತೀರ್ಮಾನಿಸಿದ್ದರು. ಮಾಗಡಿಯ ಭಾವಮೈದ ಎರಡು ಸೀಮೆಹಸು ಕಟ್ಟು ಎಂದ. ಕನಕಪುರದ ಬೀಗರು ಕಾಶಿಗೆ ಹೋಗಿ ಬನ್ನಿ ಎಂದರು. ಚನ್ನಯ್ಯ, ಅರಳಿಕಟ್ಟೆಯ ಮೇಲೆ ತನ್ನ ಪಕ್ಕ ಒಂದಾಳಿನ ಜಾಗ ಖಾಲಿ ಇದೆ ಎಂದು ತೋರಿಸಿದ. ಹನುಮಯ್ಯ ಎಲ್ಲರಿಗೂ ತಲೆಯಾಡಿಸಿ, ಹಿತ್ತಲಲ್ಲಿ ಶೆಡ್ಡು ಹಾಕಿ, ವೆಲ್ಡಿಂಗ್ ಸೆಟ್ಟು ತಂದು ಗೇಟು, ಕಿಟಕಿ ಗ್ರಿಲ್ಲು ಮಾಡತೊಡಗಿದ.

ಅದೇ ಹೊತ್ತಿಗೆ ಬಿಡದಿಯ ಸುತ್ತಮುತ್ತಲ ರಾಗಿ ಹೊಲಗಳೆಲ್ಲ ಒಂದೊಂದಾಗಿ ಕಾಂಪೌಂಡು ಕಟ್ಟಿಸಿಕೊಂಡು ಕಾರ್ಖಾನೆಗಳಾಗುತ್ತಿದ್ದವು. ಅಂಥ ಒಂದು ಕಾರ್ಖಾನೆಯವರಿಗೆ ಕಬ್ಬಿಣದ ಪ್ಲೇಟಿನ ಸಣ್ಣ ತುಂಡುಗಳು ಬೇಕಾಗಿದ್ದವು. ಅಂಗೈ ಅಗಲ, ನಡುವೆ ದುಂಡನೆಯ ಒಂದು ತೂತು. ಅಲ್ಲಿನ ಪರ್ಚೇಸ್ ಮ್ಯಾನೇಜರ್ ಲತಾಮಣಿ ಎಂಬುವವರು ಹನುಮಯ್ಯನ ಕೈಗೆ ಒಂದು ನಕ್ಷೆ ಕೊಟ್ಟು, ಗುರುವಾರ ಸಂಜೆ ನಾಲ್ಕರೊಳಗೆ ಎಂಟು ಮಾದರಿ ತಂದು ತೋರಿಸಿ, ಪಾಸಾದರೆ ತಿಂಗಳು ತಿಂಗಳೂ ಕೆಲಸ ಎಂದಿದ್ದರು. ನಕ್ಷೆಯ ಕೆಳಗೆ, ಅಂಚು ನಯವಾಗಿರಬೇಕು ಎಂದು ಬರೆದು ಎರಡು ಗೆರೆ ಎಳೆದಿದ್ದರು.

ಗ್ಯಾಸ್ ಕಟಿಂಗಿನ ಅಂಚು ಇಲಿ ಕಡಿದ ರೊಟ್ಟಿಯ ಹಾಗಿರುತ್ತದೆ. ಉಳಿ ಹಿಡಿಯಲು ಭುಜ ಒಪ್ಪುವುದಿಲ್ಲ. ಪೀಣ್ಯದಲ್ಲಿ ಒಮ್ಮೆ ಹನುಮಯ್ಯ ಪ್ಲಾಸ್ಮಾ ಕಟರ್ ನೋಡಿದ್ದ. ಗಾಳಿ ಮತ್ತು ಕರೆಂಟು ಸೇರಿ ಕಬ್ಬಿಣವನ್ನು ಕುಯ್ಯುವ ಯಂತ್ರ. ಮುದ್ದೆಯನ್ನು ದಾರದಲ್ಲಿ ಸೀಳಿದ ಹಾಗೆ ಪ್ಲೇಟನ್ನು ಸೀಳಿದ್ದನ್ನು ಕಂಡ ದಿನದಿಂದ ಅವನ ಮನಸ್ಸು ಬೇರೆ ಯಾವುದರ ಮೇಲೂ ನಿಂತಿರಲಿಲ್ಲ. ಈಗ ಬೆಂಗಳೂರಿನ ಇಬ್ಬರು ಡೀಲರುಗಳಿಗೆ ಫೋನು ಮಾಡಿ, ಗುರುವಾರ ಮಿಷನ್ ತನ್ನಿ, ಯಾವುದು ನನ್ನ ಶೆಡ್ಡಿನಲ್ಲಿ ನನ್ನ ಕಣ್ಣೆದುರಿಗೆ ಕುಯ್ಯುತ್ತದೋ ಅದನ್ನು ಆರಿಸಿಕೊಳ್ಳುತ್ತೇನೆ ಎಂದು ಹೇಳಿದ್ದ.

ಚನ್ನಯ್ಯನಿಗೆ ಇದೆಲ್ಲ ತಿಳಿದಾಗ ಅವನು ನಿಟ್ಟುಸಿರು ಬಿಟ್ಟ.

"ಲೇ ಹನುಮ, ಒಂದು ಗ್ಯಾಸ್ ಸಿಲಿಂಡ್ರು, ಒಂದು ಆಕ್ಸಿಜನ್ ಸಿಲಿಂಡ್ರು ತಗೊಂಡು ನೆಮ್ಮದಿಯಾಗಿರೋದು ಬುಟ್ಟು, ನಿಂಗ್ಯಾಕ್ಲಾ ಈ ವಯಸ್ಸಲ್ಲಿ ಪ್ಲಾಸ್ಮಾ?"

"ವಯಸ್ಸು ನನ್ ಮೊಣಕಾಲಿಗೆ ಆಗೈತೆ. ಕೈಗಿನ್ನೂ ಆಗಿಲ್ಲ," ಎಂದ ಹನುಮಯ್ಯ.

ಮೊದಲ ಡೀಲರು ಹತ್ತು ಗಂಟೆಗೆ ಲಗೇಜ್ ಆಟೋದಲ್ಲಿ ಬಂದ. ಅವನು ತಂದ ಯಂತ್ರ ಎಮ್ಮೆಕರುವಿನಷ್ಟಿತ್ತು, ಅದರಷ್ಟೇ ಹಟಮಾರಿಯೂ ಆಗಿತ್ತು. ಇಳಿಸಲು ಆರು ಜನ ಬೇಕಾಯಿತು. ಕುರ್ಚಿಯಲ್ಲಿ ಕೂತಿದ್ದವರಿಗೆ ಕೊನೆಗೂ ಒಂದು ಕೆಲಸ ಸಿಕ್ಕಿತು. ಎಲ್ಲರೂ ಕೈ ಕೊಟ್ಟರು, ಕೈಗಿಂತ ಹೆಚ್ಚಾಗಿ ಬಾಯಿ ಕೊಟ್ಟರು. ಎಡಕ್ಕೆ ಎಂದು ಚನ್ನಯ್ಯ, ಬಲಕ್ಕೆ ಎಂದು ಇನ್ನೊಬ್ಬ; ಯಂತ್ರ ಇಬ್ಬರ ಮಾತನ್ನೂ ಕೇಳದೆ ನೇರವಾಗಿ ಸಿದ್ದಮ್ಮನ ಕರಿಬೇವಿನ ಗಿಡದ ಮೇಲೆ ಕೂತಿತು. ಅಲ್ಲಿಂದ ಅದನ್ನು ಎಬ್ಬಿಸಿ ಶೆಡ್ಡಿಗೆ ತಂದ ಮೇಲೆ ಡೀಲರು ಬೆವರು ಒರೆಸಿಕೊಂಡು, ತ್ರೀ ಫೇಸ್ ಬೋರ್ಡು ಎಲ್ಲಿದೆ ಎಂದು ಕೇಳಿದ.

ಇಲ್ಲ, ಇದು ಮನೆ ಕರೆಂಟು, ಒಂದೇ ಫೇಸು. ಫೋನಿನಲ್ಲೇ ಹೇಳಿದ್ದೆನಲ್ಲ ಎಂದ ಹನುಮಯ್ಯ. ಡೀಲರು, ಹೇಳಿದ್ದಿರಿ, ಆದರೆ ಗಿರಾಕಿಗಳು ಸುಮ್ಮನೆ ಹಾಗೆ ಹೇಳುತ್ತಾರೆ ಎಂದುಕೊಂಡೆ ಎಂದ. ಅರ್ಜಿ ಹಾಕಿದರೆ ಎರಡು ಮೂರು ತಿಂಗಳಲ್ಲಿ ಲೈನ್ ಸಿಗುತ್ತದೆ, ಅಲ್ಲಿಯವರೆಗೆ ಯಂತ್ರ ಇಲ್ಲೇ ಇರಲಿ, ಮೇಲೆ ಬಟ್ಟೆ ಒಣಹಾಕಿಕೊಳ್ಳಬಹುದು ಎಂದು ಸಲಹೆ ಕೊಟ್ಟ. ಹನುಮಯ್ಯ ಅವನನ್ನೂ ಅವನ ಎಮ್ಮೆಕರುವನ್ನೂ ಮತ್ತೆ ಆಟೋಗೆ ಹತ್ತಿಸಿದ. ಹತ್ತಿಸುವಾಗ ಆರು ಜನ ಸಾಲದೆ ಎಂಟು ಜನ ಬೇಕಾಯಿತು. ಅಷ್ಟರಲ್ಲಿ ಗಂಟೆ ಹನ್ನೊಂದಾಗಿತ್ತು, ಅವನ ಭುಜ ಕುಯ್ಗುಡುತ್ತಿತ್ತು.

ಚನ್ನಯ್ಯ ಎರಡು ಬೆರಳೆತ್ತಿ, ಎರಡು ಸಿಲಿಂಡರು ಎಂದು ಸನ್ನೆ ಮಾಡಿದ.

ಎರಡನೆಯ ಡೀಲರ ಹೆಸರು ಜಯಕುಮಾರ್. ಅವನು ಮಾರುತಿ ವ್ಯಾನಿನಿಂದ ಇಳಿದು ಒಂದೇ ಕೈಯಲ್ಲಿ ಸೂಟ್‌ಕೇಸು ಹಿಡಿದಂತೆ ಯಂತ್ರ ಹಿಡಿದುಕೊಂಡು ಬಂದಾಗ ಬೀದಿಯವರಿಗೆ ನಿರಾಸೆಯಾಯಿತು. ಇಳಿಸಲು ಏನೂ ಇರಲಿಲ್ಲ. ಇಷ್ಟು ಚಿಕ್ಕದು ಕಬ್ಬಿಣ ಕುಯ್ಯುತ್ತದಾ, ಇದು ಮದುವೆ ಮನೆಯ ಬಿಸಿನೀರಿನ ಡಬ್ಬದ ಹಾಗಿದೆ ಎಂದರು. ಹನುಮಯ್ಯ ಮಾತ್ರ ಅದರ ಸುತ್ತ ಎರಡು ಸುತ್ತು ಬಂದು, ಪೈಪಿನ ತುದಿಯಲ್ಲಿದ್ದ, ಕಿಡಿ ಉಗುಳುವ ಟಾರ್ಚಿನ ಹಿಡಿಯನ್ನು ಕೈಯಲ್ಲಿ ತೂಗಿ ನೋಡಿದ. ಅದು ಭುಜಕ್ಕೆ ಭಾರವೇ ಅನ್ನಿಸಲಿಲ್ಲ. ಹೆಣ್ಣು ನೋಡಲು ಹೋದ ದಿನವೂ ಅವನ ಮುಖದಲ್ಲಿ ಇಷ್ಟು ಬೆಳಕಿರಲಿಲ್ಲ ಎಂದು ಸಿದ್ದಮ್ಮ ಆಮೇಲೆ ಹೇಳಿದಳು.

ಈ ಯಂತ್ರ ಕೆಲಸ ಮಾಡಲು ಒತ್ತಡದ ಗಾಳಿ ಬೇಕು. ಹನುಮಯ್ಯನ ಹತ್ತಿರ ಗಾಳಿ ತುಂಬುವ ಕಂಪ್ರೆಸರ್ ಇರಲಿಲ್ಲ. ಮುಖ್ಯರಸ್ತೆಯಲ್ಲಿ ಪಂಚರ್ ಅಂಗಡಿ ಇಟ್ಟಿರುವ ಅಮೀರನಿಗೆ ಹಿಂದಿನ ದಿನವೇ ಹೇಳಿಟ್ಟಿದ್ದ. ಅಮೀರ್ ತನ್ನ ಕಂಪ್ರೆಸರನ್ನು ತಳ್ಳುಗಾಡಿಯಲ್ಲಿ ತಂದ, ಬಿಟ್ಟು ಹೋಗಲು ಮನಸ್ಸಾಗದೆ ಅದರ ಪಕ್ಕದಲ್ಲೇ ಒಂದು ಟಯರು ಹಾಕಿಕೊಂಡು ಕೂತ. ಪೈಪು ಜೋಡಿಸಿ ಹನುಮಯ್ಯ ಟಾರ್ಚಿನ ಗುಂಡಿ ಒತ್ತಿದರೆ ಮೊದಲು ಬಂದಿದ್ದು ಕಿಡಿಯಲ್ಲ, ನೀರು. ಕಲ್ಯಾಣಮಂಟಪದ ಬಾಗಿಲಲ್ಲಿ ಪನ್ನೀರು ಎರಚಿದ ಹಾಗೆ ಅದು ಚನ್ನಯ್ಯನ ಮುಖದ ಮೇಲೆ ಬಿತ್ತು.

ಕಂಪ್ರೆಸರಿನ ಟ್ಯಾಂಕಿನ ತಳದಲ್ಲಿ ನೀರು ನಿಂತಿದೆ, ಗಾಳಿ ಒಣಗಿರಬೇಕು, ಇಲ್ಲದಿದ್ದರೆ ಟಾರ್ಚಿನ ಮೂತಿ ಸುಟ್ಟುಹೋಗುತ್ತದೆ ಎಂದ ಜಯಕುಮಾರ್. ಅಮೀರನಿಗೆ ಇದು ಬಹಳ ನೋವಾಯಿತು.

"ಅರ್ಧ ರಾಮನಗರದ ಟಯರಿಗೆ ಇದೇ ಗಾಳಿ ಸಾರ್ ಹಾಕಿರೋದು. ಒಬ್ರೂ ಒದ್ದೆ ಐತೆ ಅಂತ ವಾಪಸ್ ತಂದಿಲ್ಲ."

ಅವನನ್ನು ಸಮಾಧಾನ ಮಾಡಿ, ಟ್ಯಾಂಕಿನ ಕೆಳಗಿನ ಬಿರಡೆ ಬಿಚ್ಚಿದರೆ ಅರ್ಧ ಬಿಂದಿಗೆ ಕೆಂಪು ನೀರು ಬಂತು. ಅಮೀರ್ ಅದನ್ನು ನೋಡಿ, ತನ್ನ ಮನೆಯಲ್ಲೇ ಹಾವು ಇದ್ದಿದ್ದು ಈಗ ಗೊತ್ತಾದವನ ಹಾಗೆ ಗಾಬರಿಯಾದ. ಟ್ಯಾಂಕು ಖಾಲಿಯಾಗಿ, ಜಯಕುಮಾರ್ ತಂದಿದ್ದ ಫಿಲ್ಟರನ್ನು ನಡುವೆ ಸಿಕ್ಕಿಸಿ, ಮತ್ತೆ ಗಾಳಿ ತುಂಬಿ ಮುಗಿಯುವಾಗ ಹನ್ನೆರಡೂವರೆ.

ಈಗ ಯಂತ್ರ ಹಾಕಿದರೆ ಅದರ ಮುಂಭಾಗದಲ್ಲಿ ಒಂದು ಕೆಂಪು ದೀಪ ಹತ್ತಿಕೊಂಡು, ಯಂತ್ರ ಸತ್ತಂತೆ ಸುಮ್ಮನಾಯಿತು. ಜಯಕುಮಾರ್ ಮೀಟರು ಹಿಡಿದು ನೋಡಿದ. ಕರೆಂಟು ನೂರ ಅರವತ್ತೆಂಟು ವೋಲ್ಟಿಗೆ ಇಳಿದಿತ್ತು. ಇನ್ನೂರು ದಾಟದೆ ಇದು ಏಳುವುದಿಲ್ಲ ಸಾರ್, ನಿಮ್ಮ ಬೀದಿಗೆ ಇದು ಆಗಲಿಕ್ಕಿಲ್ಲ ಎಂದು ಅವನೇ ವೈರು ಸುತ್ತತೊಡಗಿದ.

ಕುರ್ಚಿಗಳಲ್ಲಿ ನಗು ಎದ್ದಿತು. ಹನುಮಯ್ಯ ಜಯಕುಮಾರನ ಕೈಯಿಂದ ವೈರು ಕಿತ್ತುಕೊಂಡ.

"ಬೀದಿಗೆ ಆಗಾಕಿಲ್ಲ ಅಂದ್ರೆ ಬೀದಿ ಸರಿ ಮಾಡ್ಬೇಕು. ಮಿಷನ್ ಯಾಕೆ ವಾಪಸ್ ಹೋಗ್ಬೇಕು?"

ಹಾಗೆಂದವನೇ ಪಂಚೆ ಎತ್ತಿಕಟ್ಟಿ ಮನೆ ಮನೆಗೆ ಹೊರಟ. ಬೇಡಲು ಹೋದವನ ನಡಿಗೆಯಲ್ಲ ಅದು, ಜಫ್ತಿಗೆ ಹೋದವನ ನಡಿಗೆ. ಇಪ್ಪತ್ತು ನಿಮಿಷ ಏನೂ ಹಾಕಬೇಡಿ, ಮಿಕ್ಸಿ ಬೇಡ, ಫ್ಯಾನು ಬೇಡ, ಮೋಟರು ಬೇಡ, ಇಪ್ಪತ್ತೊಂದನೇ ನಿಮಿಷಕ್ಕೆ ಹಾಕಿಕೊಳ್ಳಿ ಎಂದ. ಯಾಕೆ ಎಂದು ಕೇಳಿದವರಿಗೆ, ನಿಮ್ಮ ಗೇಟುಗಳನ್ನೆಲ್ಲ ಮಾಡಿದವನು ಯಾರು ಎಂದು ತಿರುಗಿ ಕೇಳಿದ. ಆ ಬೀದಿಯ ಹನ್ನೊಂದು ಗೇಟು ಅವನು ಮಾಡಿದ್ದೇ ಆಗಿತ್ತು. ಅವುಗಳಲ್ಲಿ ಒಂಬತ್ತು ಸರಿಯಾಗಿ ಮುಚ್ಚುತ್ತಿದ್ದವು. ಉಳಿದ ಎರಡು ಮನೆಯವರು ಸ್ವಲ್ಪ ಹೊತ್ತು ವಾದ ಮಾಡಿದರು, ಆಮೇಲೆ ಅವರೂ ಒಪ್ಪಿದರು.

ಪಕ್ಕದ ಅಮೀರುನ್ನೀಸಾಳದು ಬೇರೆ ಕಷ್ಟ. ಅವಳು ಮನೆಯಲ್ಲೇ ರೇಷ್ಮೆ ನೂಲು ಬಿಚ್ಚುವ ಕಸುಬು ಇಟ್ಟುಕೊಂಡವಳು. ಕುದಿನೀರಿನಲ್ಲಿ ಗೂಡು ಹಾಕಿಯಾಗಿತ್ತು, ಎಳೆ ರಾಟೆಗೆ ಹತ್ತಿಯಾಗಿತ್ತು. ಈಗ ಮೋಟರು ನಿಲ್ಲಿಸಿದರೆ ಗೂಡು ಬೆಂದು ಹಾಳಾಗುತ್ತದೆ.

"ನಿಲ್ಸಕ್ಕೆ ಆಗಲ್ಲ ಹನುಮಣ್ಣ. ನಿನ್ ಕಬ್ಬಿಣ ನಾಳೆವರ್ಗೂ ಕಾಯ್ತದೆ, ನನ್ ಗೂಡು ಕಾಯಲ್ಲ," ಎಂದಳು ಅವಳು. ಅದು ನ್ಯಾಯವಾದ ಮಾತಾಗಿತ್ತು. ಹನುಮಯ್ಯ ಎತ್ತಿಕಟ್ಟಿದ್ದ ಪಂಚೆಯನ್ನು ಇಳಿಬಿಟ್ಟ.

ಆಗ ಹಿಂದಿನಿಂದ ಸಿದ್ದಮ್ಮ ಬಂದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮದುವೆಗೆ ಮುಂಚೆ ಚನ್ನಪಟ್ಟಣದ ತವರಿನಲ್ಲಿ ಅವಳು ಕೈರಾಟೆ ತಿರುಗಿಸಿ ಬೆಳೆದವಳು. ಮೋಟರಿನ ಪಟ್ಟಿ ಬಿಚ್ಚಿ, ನಾನು ಕೈಯಲ್ಲಿ ತಿರುಗಿಸುತ್ತೇನೆ, ನೀನು ಎಳೆ ನೋಡಿಕೋ ಎಂದು ಅಮೀರುನ್ನೀಸಾಳಿಗೆ ಹೇಳಿದಳು. ಗಂಡನ ಕಡೆ ತಿರುಗಿ, ಇಪ್ಪತ್ತು ನಿಮಿಷ ಅಂದರೆ ಇಪ್ಪತ್ತೇ, ಇಪ್ಪತ್ತೊಂದಾದರೆ ರಾತ್ರಿ ಮುದ್ದೆ ನೀವೇ ತೊಳಸಿಕೊಳ್ಳಬೇಕು ಎಂದಳು.

ಎಲ್ಲರೂ ಆರಿಸಿದರು. ಹನುಮಯ್ಯ ಒಂದು ಯಂತ್ರ ಆರಿಸುವುದಕ್ಕಾಗಿ ಬೀದಿಗೆ ಬೀದಿಯೇ ದೀಪ ಆರಿಸಿ ಬಾಗಿಲಲ್ಲಿ ನಿಂತಿತು. ಮೀಟರು ನೋಡಿದರೆ ನೂರ ತೊಂಬತ್ತೆರಡು. ಕೆಂಪು ದೀಪ ಆರಲಿಲ್ಲ.

ಎಲ್ಲೋ ಇನ್ನೊಂದು ಮನೆಯಲ್ಲಿ ಏನೋ ಉರಿಯುತ್ತಿದೆ ಸಾರ್, ದೊಡ್ಡದೇ ಇರಬೇಕು ಎಂದ ಜಯಕುಮಾರ್. ಬೀದಿಯವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚನ್ನಯ್ಯ ಮಾತ್ರ ಆಕಾಶ ನೋಡುತ್ತಿದ್ದ. ಹನುಮಯ್ಯ ನೇರವಾಗಿ ಎದುರುಮನೆಗೆ ನುಗ್ಗಿ ಬಚ್ಚಲಿನ ಬಾಗಿಲು ತಳ್ಳಿದ. ಒಳಗೆ ನೀರಿನ ಹಂಡೆಯಲ್ಲಿ, ಮಣಿಕಟ್ಟಿನಷ್ಟು ದಪ್ಪದ ಹೀಟರ್ ಕಾಯಿಲೊಂದು ಹಾಯಾಗಿ ಮುಳುಗಿ ಕೂತಿತ್ತು. ಬೆಳಿಗ್ಗೆ ಏಳಕ್ಕೆ ಅದನ್ನು ಹಾಕಿದ್ದ ಚನ್ನಯ್ಯ ಟೀವಿ ನೋಡುವ ಗಡಿಬಿಡಿಯಲ್ಲಿ ಸ್ನಾನವನ್ನೇ ಮರೆತಿದ್ದ. ಹಂಡೆಯ ಮೇಲರ್ಧ ಆವಿಯಾಗಿತ್ತು.

ಕಾಯಿಲ್ ಕಿತ್ತ ಕೂಡಲೇ ಮೀಟರು ಇನ್ನೂರ ಹದಿನಾಲ್ಕು ತೋರಿಸಿತು, ಯಂತ್ರದ ಮೇಲೆ ಹಸಿರು ದೀಪ ಬಂತು.

ಮುಂದಿನ ಇಪ್ಪತ್ತು ನಿಮಿಷ ಹನುಮಯ್ಯ ಯಾರ ಮಾತೂ ಕೇಳಲಿಲ್ಲ. ಕಪ್ಪು ಕನ್ನಡಕ ಹಾಕಿ, ಪ್ಲೇಟಿಗೆ ಅರ್ತ್ ಕ್ಲಿಪ್ಪು ಕಚ್ಚಿಸಿ, ಸೀಸದಕಡ್ಡಿಯ ಗೆರೆಯ ಮೇಲೆ ಟಾರ್ಚು ಇಟ್ಟ. ಚರಚರ ಎಂದು ನೀಲಿ ಬೆಳಕು ಕೆಳಗಿಳಿಯಿತು. ಕಬ್ಬಿಣ ಏನೂ ವಾದ ಮಾಡದೆ ಎರಡಾಯಿತು. ನೇರ ಗೆರೆ ಸುಲಭ, ದುಂಡನೆಯ ತೂತು ಕಷ್ಟ. ಕೈ ಒಂದು ಕೂದಲು ನಡುಗಿದರೂ ಮೊಟ್ಟೆಯಾಗುತ್ತದೆ. ಅದಕ್ಕೆ ಅವನು ಹಿಂದಿನ ದಿನವೇ ದಪ್ಪ ತಂತಿ ಬಗ್ಗಿಸಿ ಮಕ್ಕಳ ಕೈವಾರದಂಥ ಒಂದು ಸಾಧನ ಮಾಡಿಟ್ಟಿದ್ದ. ಅದರ ಒಂದು ತುದಿಯನ್ನು ನಡುವೆ ಊರಿ, ಇನ್ನೊಂದನ್ನು ಟಾರ್ಚಿಗೆ ಕಟ್ಟಿ ಒಂದು ಸುತ್ತು ತಿರುಗಿಸಿದ. ಹೊಸ ರೂಪಾಯಿಯಷ್ಟು ದುಂಡನೆಯ ತುಂಡು ಟಣ್ ಎಂದು ಕೆಳಗೆ ಬಿತ್ತು. ಜಯಕುಮಾರ್ ಬಗ್ಗಿ ನೋಡಿ, ನಾಲ್ಕು ವರ್ಷದಿಂದ ಇದನ್ನು ಮಾರುತ್ತಿದ್ದೇನೆ, ಇದರಲ್ಲಿ ಹೀಗೂ ಮಾಡಬಹುದು ಅಂತ ನನಗೇ ಗೊತ್ತಿರಲಿಲ್ಲ ಎಂದ.

ಏಳನೇ ತುಂಡಿಗೆ ಮನೆಯ ಫ್ಯೂಸು ಹಾರಿತು. ಹನುಮಯ್ಯ ಕನ್ನಡಕ ತೆಗೆಯುವಷ್ಟರಲ್ಲಿ ಚನ್ನಯ್ಯ ಸ್ಟೂಲು ಹತ್ತಿ, ಬಾಯಲ್ಲಿ ವೈರು ಕಚ್ಚಿಕೊಂಡು ಫ್ಯೂಸು ಕಟ್ಟುತ್ತಿದ್ದ. ಹೀಟರಿನ ಅವಮಾನವನ್ನು ತೊಳೆದುಕೊಳ್ಳಲು ಅವನಿಗೂ ಒಂದು ದಾರಿ ಬೇಕಾಗಿತ್ತು. ಎಂಟನೇ ತುಂಡು ಬಿದ್ದಾಗ ಹತ್ತೊಂಬತ್ತು ನಿಮಿಷ. ಪಕ್ಕದ ಮನೆಯಲ್ಲಿ ಸಿದ್ದಮ್ಮ ರಾಟೆ ಬಿಟ್ಟು, ಎರಡೂ ಅಂಗೈಗೆ ಗಾಳಿ ಊದಿಕೊಳ್ಳುತ್ತ ಹೊರಗೆ ಬಂದಳು. ಬೀದಿಯಲ್ಲಿ ಫ್ಯಾನುಗಳು ಮತ್ತೆ ತಿರುಗಿದವು.

"ಇದೇ," ಎಂದ ಹನುಮಯ್ಯ, ಯಂತ್ರದ ಮೇಲೆ ಕೈಯಿಟ್ಟು. "ಇದನ್ನೇ ನಾನು ಆರಿಸ್ಕೊಂಡಿರೋದು. ಯಾರ್ ಏನ್ ಬೇಕಾದ್ರೂ ಅಂದ್ಕೊಳ್ಳಿ."

ಯಾರೂ ಏನೂ ಅಂದುಕೊಳ್ಳಲಿಲ್ಲ. ಎಂಟು ತುಂಡುಗಳು ಬೀದಿಯ ಎಲ್ಲರ ಕೈಗೂ ಹೋಗಿ ಬಂದವು. ಪ್ರತಿಯೊಬ್ಬರೂ ಅಂಚಿನ ಮೇಲೆ ಹೆಬ್ಬೆರಳು ಸವರಿ, ತಾವೇ ಕುಯ್ದವರ ಹಾಗೆ ತಲೆಯಾಡಿಸಿದರು.

ಆಗಲೇ ಎರಡಾಗಿತ್ತು. ಜಯಕುಮಾರ್ ಹೇಗೂ ಬಿಡದಿಯ ಮೇಲೆಯೇ ಬೆಂಗಳೂರಿಗೆ ಹೋಗಬೇಕು. ಹನುಮಯ್ಯನನ್ನು ವ್ಯಾನಿನಲ್ಲೇ ಕರೆದುಕೊಂಡು ಹೋಗುವುದು, ಮಾದರಿ ಪಾಸಾದರೆ ಅಲ್ಲೇ ದುಡ್ಡು ಕೊಟ್ಟು ಯಂತ್ರ ಇಳಿಸಿಕೊಳ್ಳುವುದು ಎಂದು ಮಾತಾಯಿತು. ಯಂತ್ರವನ್ನು ಮತ್ತೆ ವ್ಯಾನಿಗೆ ಇಟ್ಟರು. ಹಿಂದಿನ ಸೀಟಿನಲ್ಲಿ ನೋಡಿದರೆ ಚನ್ನಯ್ಯ ಕೂತಿದ್ದ. ಯಾರು ಕರೆದರು ಎಂದು ಯಾರೂ ಕೇಳಲಿಲ್ಲ.

ಕಾರ್ಖಾನೆಯಲ್ಲಿ ಲತಾಮಣಿಯವರು ಎಂಟು ತುಂಡುಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿಕೊಂಡರು. ಅಳತೆಯ ಸಾಧನ ಹಿಡಿದು ಒಂದೊಂದನ್ನೂ ನಾಲ್ಕು ಕಡೆ ಅಳೆದರು, ತೂತನ್ನು ಎರಡು ಕಡೆ ಅಳೆದರು, ಅಂಚನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಎಂಟೂ ಪಾಸು. ಇದಕ್ಕೂ ಮುಂಚೆ ಮೂರು ಜನ ದೊಡ್ಡ ವರ್ಕ್‌ಶಾಪಿನವರು ತಂದಿದ್ದರು, ಯಾರದೂ ಹೀಗೆ ಬಂದಿರಲಿಲ್ಲ, ಇದನ್ನು ಹೇಗೆ ಮಾಡಿದಿರಿ ಎಂದು ಅವರು ಕೇಳಿದರು.

ಹೇಗೆ ಮಾಡಿದಿರಿ ಎಂದು ಹನುಮಯ್ಯನನ್ನು ಮೂವತ್ತೊಂದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಅವನ ಎದೆ ಪಂಚರ್ ಹಾಕಿಸಿಕೊಂಡು ಬಂದ ಟಯರಿನ ಹಾಗೆ ತುಂಬಿಕೊಂಡಿತು. ಗ್ಯಾಸ್ ಯಾಕೆ ಆಗುವುದಿಲ್ಲ, ತ್ರೀ ಫೇಸಿನ ದೊಡ್ಡ ಯಂತ್ರ ಯಾಕೆ ಬೇಡ, ಗಾಳಿ ಯಾಕೆ ಒಣಗಿರಬೇಕು, ಟಾರ್ಚನ್ನು ಎಷ್ಟು ಓರೆ ಹಿಡಿಯಬೇಕು, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದ. ಯಂತ್ರ ಈಗ ಎಲ್ಲಿದೆ ಎಂದರು. ಹೊರಗೆ ವ್ಯಾನಿನಲ್ಲೇ ಇದೆ ಎಂದ. ಸ್ವಲ್ಪ ತೋರಿಸುತ್ತೀರಾ ಎಂದರು. ತೋರಿಸದೆ ಇರುತ್ತಾನೆಯೇ.

ಕಾರ್ಖಾನೆಯ ಕರೆಂಟು ಗೋಡೆಗೆ ಹೊಡೆದ ಮೊಳೆಯ ಹಾಗೆ ಇನ್ನೂರ ಮೂವತ್ತರಲ್ಲಿ ನಿಂತಿತ್ತು. ಗಾಳಿ ಒಣಗಿತ್ತು. ಯಂತ್ರ ಹನುಮಯ್ಯನ ಶೆಡ್ಡಿನಲ್ಲಿ ಹಾಡಿದ್ದಕ್ಕಿಂತ ಒಂದು ಸ್ವರ ಮೇಲೆ ಹಾಡಿತು. ಎಂಜಿನಿಯರುಗಳು ಬಂದರು, ಅವರ ಮೇಲಿನವರು ಬಂದರು, ಟೈ ಕಟ್ಟಿದವರೊಬ್ಬರು ಬಂದು ಹಿಂದೆ ಕೈಕಟ್ಟಿ ನಿಂತರು. ನಮ್ಮ ಆಪರೇಟರಿಗೂ ಒಂದು ಸಲ ಹೇಳಿಕೊಡಿ, ಸುಮ್ಮನೆ ತಿಳಿದಿರಲಿ ಎಂದರು ಲತಾಮಣಿ. ಹನುಮಯ್ಯ ಆ ಆಪರೇಟರನ ಕೈಹಿಡಿದು, ಅಕ್ಷರಾಭ್ಯಾಸ ಮಾಡಿಸಿದಂತೆ, ಹತ್ತು ತುಂಡು ಕುಯ್ಯಿಸಿದ. ಕೈವಾರದ ತಂತಿಯನ್ನು ಹೇಗೆ ಬಗ್ಗಿಸಬೇಕು ಎಂಬುದನ್ನೂ ತೋರಿಸಿದ. ಚನ್ನಯ್ಯ ಪಕ್ಕದಲ್ಲಿ ನಿಂತು, ಹನುಮನದು ಸಣ್ಣ ಕೈಯಲ್ಲ, ಇಡೀ ಡಿಪೋಗೆ ಗೊತ್ತು ಎಂದು ಟೈ ಕಟ್ಟಿದವರಿಗೆ ತಿಳಿಸಿದ.

ಆಮೇಲೆ ಇಬ್ಬರನ್ನೂ ಕ್ಯಾಂಟೀನಿಗೆ ಕಳಿಸಿದರು. ಹೊತ್ತು ಮೀರಿದ್ದರೂ ಅನ್ನ, ಹುಳಿ, ಹಪ್ಪಳ ಸಿಕ್ಕಿತು. ತಿಂಗಳು ತಿಂಗಳೂ ಎಷ್ಟು ತುಂಡು ಕೇಳಬಹುದು, ಶೆಡ್ಡನ್ನು ಯಾವ ಕಡೆಗೆ ಚಾಚಬಹುದು ಎಂದು ಇಬ್ಬರೂ ಹುಳಿಯನ್ನ ಕಲೆಸುತ್ತ ಮಾತಾಡಿಕೊಂಡರು. ದಿನಾ ಫ್ಯೂಸ್ ಕಟ್ಟಲು ಒಬ್ಬ ಆಳಂತೂ ಬೇಕಾಗುತ್ತದೆ ಎಂದ ಚನ್ನಯ್ಯ, ಆ ಆಳು ಯಾರೆಂದು ಹೇಳದೆ.

ಕೈತೊಳೆದು ಬರುವಾಗ ಜಯಕುಮಾರ್ ಬಾಗಿಲಲ್ಲಿ ನಿಂತಿದ್ದ. ಮುಖದಲ್ಲಿ ಮದುವೆ ಗೊತ್ತಾದವನ ಸಂತೋಷ ಇತ್ತು, ಕಣ್ಣು ಮಾತ್ರ ಕಳ್ಳನದಾಗಿತ್ತು. ಅವನು ಹನುಮಯ್ಯನ ಕೈ ಹಿಡಿದುಕೊಂಡು, ನಿಮ್ಮ ಉಪಕಾರ ಈ ಜನ್ಮದಲ್ಲಿ ಮರೆಯುವುದಿಲ್ಲ ಎಂದ. ಕಾರ್ಖಾನೆಯವರು ಅಂಥ ಆರು ಯಂತ್ರಕ್ಕೆ ಆರ್ಡರ್ ಕೊಟ್ಟಿದ್ದರು. ವ್ಯಾನಿನಲ್ಲಿದ್ದ ಒಂದನ್ನು ಈಗಲೇ ಇಳಿಸಿಕೊಂಡಿದ್ದರು.

"ಅದು ನಂದು," ಎಂದ ಹನುಮಯ್ಯ.

ಜಯಕುಮಾರ್ ನೆಲ ನೋಡಿದ. ಅವರು ಆರು ತಗೊಳ್ಳೋರು ಸಾರ್, ನಮ್ಮ ಯಜಮಾನರು ಫೋನಿನಲ್ಲೇ ಹೂಂ ಅಂದುಬಿಟ್ಟರು, ಇನ್ನು ಸ್ಟಾಕ್ ಹಡಗಿನಲ್ಲಿ ಬರಬೇಕು, ಎರಡು ತಿಂಗಳಾಗುತ್ತದೆ ಎಂದ.

ಲತಾಮಣಿಯವರು ಒಳ್ಳೆಯವರು. ಸುತ್ತಿ ಬಳಸಿ ಹೇಳಲಿಲ್ಲ. "ನಿಮ್ಮ ಕೆಲಸ ತುಂಬಾ ಚೆನ್ನಾಗಿತ್ತು, ಹನುಮಯ್ಯನೋರೇ. ಅಷ್ಟು ಚೆನ್ನಾಗಿದ್ದಿದ್ದರಿಂದಲೇ ನಮ್ಮ ಎಂಡಿಯವರು, ಇಷ್ಟು ಸುಲಭ ಅಂದ್ಮೇಲೆ ಹೊರಗೆ ಯಾಕೆ ಕೊಡಬೇಕು, ನಾವೇ ಮಾಡ್ಕೊಳ್ಳೋಣ ಅಂದ್ರು," ಎಂದರು. ಎಂಟು ಮಾದರಿಗಳನ್ನು ಒಂದು ರಟ್ಟಿನ ಡಬ್ಬಿಯಲ್ಲಿ ಹಾಕಿ ವಾಪಸ್ ಕೊಟ್ಟರು.

ಬಸ್ಸಿನಲ್ಲಿ ಚನ್ನಯ್ಯ ಕಿಟಕಿಯ ಪಕ್ಕದ ಸೀಟನ್ನು ತಾನಾಗಿಯೇ ಹನುಮಯ್ಯನಿಗೆ ಬಿಟ್ಟುಕೊಟ್ಟ. ಅದೊಂದೇ ಸಾಕಾಗಿತ್ತು, ಏನೋ ಕೆಟ್ಟದ್ದಾಗಿದೆ ಎಂದು ಯಾರಿಗಾದರೂ ಗೊತ್ತಾಗಲು. ರಾಮನಗರ ಬರುವವರೆಗೂ ಅವನು ಸಿಲಿಂಡರಿನ ಮಾತೆತ್ತಲಿಲ್ಲ. ಹನುಮಯ್ಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹೊರಗಿನ ಬಂಡೆಗಳನ್ನು ನೋಡುತ್ತಿದ್ದ. ಅವನಿಗೆ ಅಳು ಬರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು. ಆ ಸಿಟ್ಟಿನ ಅಡಿಯಲ್ಲಿ, ಅವನಿಗೇ ನಾಚಿಕೆಯಾಗುವಂಥ ಒಂದು ಸಣ್ಣ ಖುಷಿಯೂ ಇತ್ತು.

ಬೀದಿಯ ಬಾಯಲ್ಲೇ ಎಲ್ಲರೂ ಕಾದಿದ್ದರು. ಮಿಷನ್ ಎಲ್ಲಿ ಎಂದು ಕೇಳಿದರು. ಹನುಮಯ್ಯ ಬಾಯಿ ತೆರೆಯುವಷ್ಟರಲ್ಲಿ ಚನ್ನಯ್ಯ ಮುಂದೆ ಬಂದ. ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ಕೊನೆಗೆ ಸೇರಿಸಿದ:

"ಅಷ್ಟು ದೊಡ್ ಫ್ಯಾಕ್ಟ್ರಿ. ಒಳಗೆ ಹತ್ತು ಜನ ಎಂಜಿನಿಯರ್ರು ಅವ್ರೆ. ಅವ್ರಿಗೆ ಯಾವ್ದು ತಗೋಬೇಕು ಅಂತ ಗೊತ್ತಿರ್ನಿಲ್ಲ. ನಮ್ ಹನುಮ ಆರಿಸಿದ್ನೇ ಅವ್ರು ತಗೊಂಡ್ರು. ತಿಳ್ಕೊಳ್ಳಿ."

ಬೀದಿಯವರು ತಿಳಿದುಕೊಂಡರು. ಆದರೂ ಯಾರೋ ಹಿಂದಿನಿಂದ, ಆರಿಸಿದ್ದು ಸರಿ, ಸಿಕ್ಕಿದ್ದೇನು ಎಂದರು. ಹನುಮಯ್ಯ ಡಬ್ಬಿ ಬಿಚ್ಚಿ, ಮನೆಗೊಂದರಂತೆ ಎಂಟು ಮನೆಗೆ ಎಂಟು ತುಂಡು ಕೊಟ್ಟ. ಬಾಗಿಲು ಗಾಳಿಗೆ ಬಡಿಯದಂತೆ ಅಡ್ಡ ಇಟ್ಟುಕೊಳ್ಳಿ, ಎರಡು ತಿಂಗಳಿಗೆ ಇನ್ನೊಂದು ಹಡಗು ಬರುತ್ತದೆ, ಆಗ ಇನ್ನೊಂದು ಸಲ ಇಪ್ಪತ್ತು ನಿಮಿಷ ಆರಿಸಬೇಕಾಗುತ್ತದೆ ಎಂದ. ಫ್ಯಾಕ್ಟರಿ ಕೆಲಸವೇ ಇಲ್ಲವಲ್ಲ, ಇನ್ನು ಮಿಷನ್ ಏನಕ್ಕೆ ಎಂದು ಅಮೀರ್ ಕೇಳಿದ.

"ನಂಗೆ ಬೇಕು, ಅದಕ್ಕೆ," ಎಂದು ಹೇಳಿ ಹನುಮಯ್ಯ ಒಳಗೆ ಹೋದ.

ಸಿದ್ದಮ್ಮ ಬೊಬ್ಬೆ ಎದ್ದ ಅಂಗೈಗೆ ಹರಳೆಣ್ಣೆ ಸವರಿಕೊಂಡು ಕೂತಿದ್ದಳು. ಅವನು ಮುದ್ದೆಗೆ ಎಸರಿಟ್ಟ. ನೀರು ಮರಳುವ ಹೊತ್ತಿಗೆ ಫೋನು ಹೊಡೆದುಕೊಂಡಿತು. ಆ ಕಡೆ ಲತಾಮಣಿಯವರು. ಹನುಮಯ್ಯ ರಿಸೀವರು ಕಿವಿಗಿಟ್ಟುಕೊಂಡು, ಹೂಂ, ಹೂಂ ಎನ್ನುತ್ತ ಬಹಳ ಹೊತ್ತು ಕೇಳಿಸಿಕೊಂಡ. ಆಮೇಲೆ ನಾಲ್ಕೇ ಮಾತು ಹೇಳಿದ. ಮಿಷನ್ ಎತ್ಕೊಂಡು ಇಲ್ಲಿಗೇ ಬನ್ನಿ ಎಂದ.

ಏನಂತೆ ಎಂದಳು ಸಿದ್ದಮ್ಮ.

ಅವರ ಆಪರೇಟರು ಕುಯ್ದ ತೂತೆಲ್ಲ ಮೊಟ್ಟೆಯಾಗುತ್ತಿದೆಯಂತೆ. ನಾಳೆ ಒಂಬತ್ತಕ್ಕೆ ಹೋಗಿ ಒಂದು ವಾರ ಹೇಳಿಕೊಡಬೇಕಂತೆ. ಈ ವಯಸ್ಸಿನವರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಕಾನೂನು ಇಲ್ಲವಂತೆ, ಆದರೆ ಕ್ಯಾಂಟೀನಿನಲ್ಲಿ ಊಟ ಕೊಡುತ್ತಾರಂತೆ.

ಸಿದ್ದಮ್ಮ ಅವನ ಕೈಯ ಕೆಳಗಿದ್ದ ರಿಸೀವರನ್ನು ನೋಡಿದಳು. ಅದು ಆಗಲೇ ತನ್ನ ಜಾಗದಲ್ಲಿ ಕೂತಿತ್ತು. ಅದರ ಮೇಲೆ ಅವನ ಅಂಗೈ ಇನ್ನೂ ಒತ್ತಿಕೊಂಡಿತ್ತು.

"ಇಟ್ಟುಬುಟ್ರಾ ಅವ್ರು?"

"ಅವ್ರಲ್ಲ," ಎಂದ ಹನುಮಯ್ಯ, ಮುದ್ದೆಕೋಲು ಕೈಗೆ 
ತೆಗೆದುಕೊಳ್ಳುತ್ತ. "ನಾನೇ ಇಟ್ಟಿದ್ದು."